ವೀಸಾ ಇಲ್ಲದೆ ಮೆಡಿಟರೇನಿಯನ್ ಪ್ರವಾಸ: ಪದೇ ಪದೇ ಕೇಳುವ ಪ್ರಶ್ನೆಗಳು

ಮೆಡಿಟರೇನಿಯನ್ ಕಡೆ ಹೊರಟವರು ಸಾಮಾನ್ಯವಾಗಿ ಮೊದಲು ಬೀಚ್ ಆರಿಸುತ್ತಾರೆ. ಆಮೇಲೆ ಹೋಟೆಲ್, ಆಮೇಲೆ ವಿಮಾನ. ಗಡಿ ನಿಯಮ ನೆನಪಾಗುವುದು ಕೊನೆಗೆ. ಈ ಸಾಲನ್ನು ಉಲ್ಟಾ ಮಾಡಿ ಅನ್ನೋದು ನನ್ನ ಸಲಹೆ. ಈ ಒಂದು ಸಮುದ್ರದ ಸುತ್ತ ಇಪ್ಪತ್ತಕ್ಕೂ ಹೆಚ್ಚು ದೇಶಗಳಿವೆ. ಅರ್ಧ ಗಂಟೆಯ ಹಡಗು ಪ್ರಯಾಣದಲ್ಲಿ ಕಾನೂನೇ ಬದಲಾಗಬಹುದು. ಗಡಿಯ ಲೆಕ್ಕ ಮೊದಲೇ ಮುಗಿಸಿದರೆ ಉಳಿದ ಪ್ರವಾಸ ನಿರಾಳ.

"ವೀಸಾ ಬೇಡ" ಅಂದರೆ ನಿಜವಾಗಿ ಏನು?

ಹೊರಡುವ ಮೊದಲು ರಾಯಭಾರ ಕಚೇರಿಗೆ ಅರ್ಜಿ ಹಾಕಬೇಕಿಲ್ಲ. ಅಷ್ಟೇ. ಒಳಗೆ ಬಿಡಲೇಬೇಕು ಎಂಬ ಹಕ್ಕು ಅದರಿಂದ ಬರುವುದಿಲ್ಲ. ವೀಸಾ ಪಡೆಯುವವರನ್ನು ಮೊದಲೇ ಕೇಳುವ ಪ್ರಶ್ನೆಗಳನ್ನು ನಿಮ್ಮನ್ನು ಗಡಿಯಲ್ಲಿ ಕೇಳಬಹುದು. ಯಾಕೆ ಬಂದಿರಿ, ಎಲ್ಲಿ ಇರುತ್ತೀರಿ, ಯಾವಾಗ ವಾಪಸ್, ಖರ್ಚಿಗೆ ಹಣ ಇದೆಯಾ?

ಇನ್ನೊಂದು ವಿಷಯ. ಈ ಸೌಲಭ್ಯ ಸಿಗುವುದು ಪಾಸ್‌ಪೋರ್ಟಿಗೆ. ನೀವು ಯಾವ ದೇಶದಲ್ಲಿ ವಾಸವಾಗಿದ್ದೀರಿ ಅನ್ನೋದರ ಮೇಲೆ ಅಲ್ಲ. ಒಂದೇ ಮನೆಯಲ್ಲಿ ಗಂಡನ ಪಾಸ್‌ಪೋರ್ಟ್ ಒಂದು ದೇಶದ್ದು, ಹೆಂಡತಿಯದು ಇನ್ನೊಂದು ದೇಶದ್ದು ಆಗಿದ್ದರೆ ಒಬ್ಬರಿಗೆ ವೀಸಾ ಬೇಡ, ಇನ್ನೊಬ್ಬರಿಗೆ ಬೇಕು ಎಂದಾಗಬಹುದು. ಟಿಕೆಟ್ ಮಾಡುವ ಮೊದಲು ಒಬ್ಬೊಬ್ಬರದನ್ನೂ ಬೇರೆ ಬೇರೆಯಾಗಿ ನೋಡಿ.

ಯಾವ ಯಾವ ದೇಶಗಳು ಒಂದೇ ಲೆಕ್ಕಕ್ಕೆ ಬರುತ್ತವೆ?

ತಮ್ಮ ನಡುವಿನ ಗಡಿ ತಪಾಸಣೆ ಬಿಟ್ಟು, ಹೊರಗಿನವರಿಗೆ ಒಂದೇ ಗಡಿ ಇಟ್ಟುಕೊಂಡಿರುವ ಯುರೋಪಿನ ದೇಶಗಳ ಗುಂಪೇ ಶೆಂಗೆನ್. ಈ ಒಪ್ಪಂದದಲ್ಲಿ ಈಗ 29 ದೇಶಗಳಿವೆ. ಅವುಗಳಲ್ಲಿ ಮೆಡಿಟರೇನಿಯನ್ ತೀರ ಇರುವವು ಸ್ಪೇನ್, ಫ್ರಾನ್ಸ್, ಇಟಲಿ, ಮಾಲ್ಟಾ, ಸ್ಲೊವೇನಿಯಾ, ಕ್ರೊಯೇಷಿಯಾ ಮತ್ತು ಗ್ರೀಸ್. ಈ ಏಳೂ ದೇಶಗಳಿಗೆ ಸೇರಿ ಒಂದೇ 90 ದಿನಗಳ ಖಾತೆ. ಬಾರ್ಸಿಲೋನಾದಲ್ಲಿ ಕಳೆದ ವಾರವೂ ಅಥೆನ್ಸ್‌ನಲ್ಲಿ ಕಳೆದ ವಾರವೂ ಅದೇ ಖಾತೆಯಿಂದ ಹೋಗುತ್ತದೆ. ಮೊನಾಕೊ ಫ್ರಾನ್ಸ್ ಜೊತೆ, ಸ್ಯಾನ್ ಮರಿನೊ ಮತ್ತು ವ್ಯಾಟಿಕನ್ ಇಟಲಿಯ ಜೊತೆ. ಅಲ್ಲಿಗೆ ಹೋದರೂ ಶೆಂಗೆನ್ ದಾಟಿದಂತೆ ಆಗುವುದಿಲ್ಲ.

ಕ್ರೊಯೇಷಿಯಾ ವಿಷಯದಲ್ಲಿ ಜಾಗ್ರತೆ. ಅದು ಶೆಂಗೆನ್ ಸೇರಿದ್ದು 2023ರ ಜನವರಿ 1ರಂದು. ಯೂರೋ ಬಂದದ್ದೂ ಅದೇ ದಿನ. "90 ದಿನ ಮುಗಿದರೆ ಕ್ರೊಯೇಷಿಯಾಗೆ ಹೋಗಿ ಕುಳಿತುಕೊಳ್ಳಿ" ಎಂಬ ಹಳೆಯ ಸಲಹೆ ಇನ್ನೂ ಬಾಯಿಂದ ಬಾಯಿಗೆ ಹರಿದಾಡುತ್ತಿದೆ. ಅದನ್ನು ನಂಬಬೇಡಿ.

ಶೆಂಗೆನ್ ಆಚೆ ಇರುವವು ಸೈಪ್ರಸ್, ಅಲ್ಬೇನಿಯಾ, ಮಾಂಟೆನೆಗ್ರೊ, ಬೋಸ್ನಿಯಾ, ಟರ್ಕಿ, ಮೊರಾಕ್ಕೊ, ಟ್ಯುನೀಷಿಯಾ ಮುಂತಾದವು. ಇವುಗಳಲ್ಲಿ ಪ್ರತಿಯೊಂದಕ್ಕೂ ತನ್ನದೇ ಗಡಿ, ತನ್ನದೇ ಎಣಿಕೆ.

90 ದಿನ, 180 ದಿನ ಅಂತಾರಲ್ಲ, ಅದನ್ನು ಎಣಿಸುವುದು ಹೇಗೆ?

ಜನ ಜಾಸ್ತಿ ಎಡವುವುದು ಇಲ್ಲೇ. ಆದ್ದರಿಂದ ಸ್ವಲ್ಪ ನಿಧಾನವಾಗಿ ನೋಡೋಣ.

ನಿಯಮ ಹೀಗಿದೆ: ಯಾವುದೇ 180 ದಿನಗಳ ಅವಧಿಯಲ್ಲಿ ಶೆಂಗೆನ್ ಒಳಗೆ 90 ದಿನ ಮೀರಬಾರದು. "ಯಾವುದೇ" ಅನ್ನೋ ಪದವೇ ಇಲ್ಲಿ ಮುಖ್ಯ. ಜನವರಿಯಿಂದ ಜೂನ್‌ವರೆಗೆ ಒಂದು ಕಂತು, ಜುಲೈನಿಂದ ಇನ್ನೊಂದು ಕಂತು ಎಂದಲ್ಲ. ನೀವು ಒಳಗಿರುವ ಪ್ರತಿ ದಿನವೂ ಆ ದಿನವನ್ನು ಸೇರಿಸಿ ಹಿಂದಕ್ಕೆ 180 ದಿನ ಎಣಿಸಬೇಕು. ಆ ಕಿಟಕಿಯೊಳಗೆ ಎಷ್ಟು ದಿನ ಶೆಂಗೆನ್‌ನಲ್ಲಿ ಇದ್ದಿರಿ ಎಂದು ನೋಡಬೇಕು. ದಿನ ಮುಂದೆ ಹೋದ ಹಾಗೆ ಕಿಟಕಿಯೂ ಮುಂದೆ ಸರಿಯುತ್ತದೆ. ಒಳಗೆ ಬಂದ ದಿನ, ಹೊರಗೆ ಹೋದ ದಿನ ಎರಡೂ ಪೂರ್ತಿ ದಿನಗಳೇ. ರಾತ್ರಿ 11:50ಕ್ಕೆ ಇಳಿದರೂ ಆ ದಿನ ಖರ್ಚಾದಂತೆ.

ಒಂದು ಉದಾಹರಣೆ. ನೀವು ಮೇ 1ರಂದು ಬಂದು ಜೂನ್ 10ರಂದು ಹೊರಟಿರಿ. 41 ದಿನ ಆಯಿತು. ಮತ್ತೆ ಸೆಪ್ಟೆಂಬರ್ 1ರಂದು ಬಂದಿರಿ. ಆಗ ಹಿಂದಕ್ಕೆ 180 ದಿನ ನೋಡಿದರೆ ಆ 41 ದಿನವೂ ಕಿಟಕಿಯೊಳಗೇ ಇವೆ. ಉಳಿದದ್ದು 49. ಹಾಗಾಗಿ ಅಕ್ಟೋಬರ್ 19ರೊಳಗೆ ಹೊರಗೆ ಹೋಗಬೇಕು. ಮೇ 1 ಕಿಟಕಿಯಿಂದ ಆಚೆ ಬೀಳುವುದು ಅಕ್ಟೋಬರ್ 28ಕ್ಕೆ. ಅಲ್ಲಿಂದ ದಿನಕ್ಕೊಂದರಂತೆ ಹಳೆಯ ದಿನಗಳು ನಿಮಗೆ ವಾಪಸ್ ಸಿಗುತ್ತವೆ. ಅಕ್ಟೋಬರ್ 19 ಮತ್ತು 28ರ ನಡುವೆ ಒಂದು ದಿನ ಒಳಗಿದ್ದರೂ ತಪ್ಪು.

ಬೆರಳಲ್ಲಿ ಎಣಿಸಲು ಹೋಗಬೇಡಿ. ಯುರೋಪಿಯನ್ ಕಮಿಷನ್‌ನ ಜಾಲತಾಣದಲ್ಲಿ ಉಚಿತ ಕ್ಯಾಲ್ಕುಲೇಟರ್ ಇದೆ. ಹೋದ ದಿನ, ಬಂದ ದಿನ ತುಂಬಿದರೆ ಉಳಿದದ್ದನ್ನು ಅದೇ ಹೇಳುತ್ತದೆ. ಆದರೂ ಮೂರ್ನಾಲ್ಕು ದಿನ ಕೈಯಲ್ಲಿ ಉಳಿಸಿಕೊಳ್ಳಿ. 90ನೇ ದಿನಕ್ಕೆ ವಾಪಸ್ ಟಿಕೆಟ್ ಮಾಡಿ ಆ ದಿನವೇ ವಿಮಾನ ರದ್ದಾದರೆ ಪಡುವ ಪಾಡು ಯಾರಿಗೂ ಬೇಡ.

ಅಲ್ಬೇನಿಯಾಗೋ ಟರ್ಕಿಗೋ ಒಂದು ದಿನ ಹೋಗಿಬಂದರೆ ಲೆಕ್ಕ ಹೊಸದಾಗಿ ಶುರುವಾಗುತ್ತಾ?

ಇಲ್ಲ. ಹೊರಗಿದ್ದ ಪೂರ್ತಿ ದಿನಗಳು ಎಣಿಕೆಗೆ ಸೇರುವುದಿಲ್ಲ, ಅಷ್ಟೇ. ಈಗಾಗಲೇ ಕಳೆದ ದಿನಗಳು ಹಾಗೇ ಇರುತ್ತವೆ. ಬೆಳಿಗ್ಗೆ ಗ್ರೀಸ್‌ನ ಕೊರ್ಫು ದ್ವೀಪದಿಂದ ಅಲ್ಬೇನಿಯಾದ ಸರಾಂಡಗೆ ಹೋಗಿ ಸಂಜೆ ವಾಪಸ್ ಬಂದರೆ ಆ ದಿನವೂ ಶೆಂಗೆನ್ ಲೆಕ್ಕಕ್ಕೇ ಬರುತ್ತದೆ.

ಆದರೆ ದೀರ್ಘ ಪ್ರವಾಸಕ್ಕೆ ಈ ಆಚೆಯ ದೇಶಗಳು ದೊಡ್ಡ ಅನುಕೂಲ. ಎರಡು ತಿಂಗಳು ಇಟಲಿ ಮತ್ತು ಗ್ರೀಸ್, ಆಮೇಲೆ ಒಂದು ತಿಂಗಳು ಅಲ್ಬೇನಿಯಾ, ಮಾಂಟೆನೆಗ್ರೊ. ಹೀಗೆ ಮಾಡಿದರೆ ಶೆಂಗೆನ್ ಖಾತೆಯಲ್ಲಿ ಇನ್ನೂ ಒಂದು ತಿಂಗಳು ಉಳಿದಿರುತ್ತದೆ. ಕಡಲೂ ಅದೇ, ಬೆಟ್ಟಗಳು ಇನ್ನೂ ಹತ್ತಿರ.

ಪಾಸ್‌ಪೋರ್ಟ್ ಇನ್ನೂ ಚಾಲ್ತಿಯಲ್ಲಿದೆ. ಅಷ್ಟು ಸಾಕಲ್ವಾ?

ಸಾಲದು. ಶೆಂಗೆನ್‌ಗೆ ಎರಡು ಶರತ್ತುಗಳಿವೆ. ಎರಡನ್ನೂ ಒಟ್ಟಿಗೆ ಪೂರೈಸಬೇಕು. ಒಂದು, ನೀವು ಶೆಂಗೆನ್‌ನಿಂದ ಹೊರಡುವ ದಿನದ ನಂತರ ಕನಿಷ್ಠ 3 ತಿಂಗಳು ಪಾಸ್‌ಪೋರ್ಟ್ ಚಾಲ್ತಿಯಲ್ಲಿರಬೇಕು. ಎರಡು, ಅದು ಕಳೆದ 10 ವರ್ಷಗಳೊಳಗೆ ಕೊಟ್ಟದ್ದಾಗಿರಬೇಕು. ಎರಡನೆಯದನ್ನು ಜನ ಗಮನಿಸುವುದೇ ಇಲ್ಲ. ಕೆಲವು ದೇಶಗಳು ಹಿಂದೆ ಹಳೆಯ ಪಾಸ್‌ಪೋರ್ಟಿನಲ್ಲಿ ಉಳಿದಿದ್ದ ತಿಂಗಳುಗಳನ್ನು ಹೊಸದಕ್ಕೆ ಸೇರಿಸಿ ಕೊಡುತ್ತಿದ್ದವು. ಅಂಥ ಪಾಸ್‌ಪೋರ್ಟಿನ ಕೊನೆಯ ತಾರೀಖು ದೂರವಿದ್ದರೂ ಕೊಟ್ಟ ದಿನಕ್ಕೆ ಹತ್ತು ವರ್ಷ ದಾಟಿರಬಹುದು. ವಿಮಾನ ಹತ್ತುವ ಮೊದಲೇ ಕೌಂಟರಿನಲ್ಲಿ ತಡೆಯುತ್ತಾರೆ.

ಟರ್ಕಿಯ ನಿಯಮ ಬೇರೆ. ನಿಮಗೆ ಅನುಮತಿ ಇರುವ ಅವಧಿ ಮುಗಿದ ಮೇಲೂ 60 ದಿನ ಪಾಸ್‌ಪೋರ್ಟ್ ಉಳಿದಿರಬೇಕು. 90 ದಿನದ ವೀಸಾಮುಕ್ತ ಅವಧಿ ಇರುವವರಿಗೆ ಒಟ್ಟು 150 ದಿನ ಆಯಿತು. ನಾಲ್ಕೈದು ದೇಶ ಸುತ್ತುವ ಯೋಚನೆ ಇದ್ದರೆ ಕನಿಷ್ಠ ಆರು ತಿಂಗಳು ಉಳಿದಿರುವ ಪಾಸ್‌ಪೋರ್ಟ್ ಇಟ್ಟುಕೊಂಡು ಹೊರಡಿ. ಆಗ ಒಂದೊಂದು ಗಡಿಯಲ್ಲೂ ಲೆಕ್ಕ ಹಾಕುವ ಕೆಲಸ ತಪ್ಪುತ್ತದೆ.

ಎರಡು ಪಾಸ್‌ಪೋರ್ಟ್ ಇರುವವರು ಯಾವುದನ್ನು ತೋರಿಸಿ ಒಳಗೆ ಹೋದರೋ ಅದನ್ನೇ ತೋರಿಸಿ ಹೊರಗೆ ಬರಬೇಕು.

ಗಡಿಯಲ್ಲಿ ಬೆರಳಚ್ಚು, ಫೋಟೊ ತೆಗೆದುಕೊಳ್ಳುತ್ತಾರಂತೆ. ಏನದು?

ಅದರ ಹೆಸರು ಇಇಎಸ್. ಶೆಂಗೆನ್ ಗಡಿಯಲ್ಲಿ ಒಳಬರುವ, ಹೊರಹೋಗುವ ವಿದೇಶಿಯರ ವಿವರ ದಾಖಲಿಸುವ ಕಂಪ್ಯೂಟರ್ ವ್ಯವಸ್ಥೆ. 2025ರ ಅಕ್ಟೋಬರ್ 12ರಂದು ಶುರುವಾಯಿತು. 2026ರ ಏಪ್ರಿಲ್ 10ರ ಗಡುವಿಟ್ಟುಕೊಂಡು ಹಂತ ಹಂತವಾಗಿ ಎಲ್ಲ ಗಡಿಗಳಿಗೂ ತರುವ ಯೋಜನೆ ಹಾಕಿಕೊಂಡರು. ಪಾಸ್‌ಪೋರ್ಟಿನಲ್ಲಿ ಠಸ್ಸೆ ಒತ್ತುವ ಹಳೆಯ ಪದ್ಧತಿಯ ಜಾಗಕ್ಕೆ ಬಂದದ್ದು ಇದು.

ಮೊದಲ ಸಲ ಹೋದಾಗ ಮುಖದ ಫೋಟೊ ಮತ್ತು ನಾಲ್ಕು ಬೆರಳಿನ ಅಚ್ಚು ಕೊಡಬೇಕು. 12 ವರ್ಷದೊಳಗಿನ ಮಕ್ಕಳಿಗೆ ಬೆರಳಚ್ಚು ಇಲ್ಲ, ಫೋಟೊ ಮಾತ್ರ. ಇದಕ್ಕೆ ಹಣ ಕೊಡಬೇಕಿಲ್ಲ. ಮನೆಯಿಂದಲೇ ಅರ್ಜಿ ಹಾಕಿ ಬರಬೇಕೆಂಬ ಕಡ್ಡಾಯವೂ ಇಲ್ಲ. ದಾಖಲೆ ಮೂರು ವರ್ಷ ಉಳಿಯುತ್ತದೆ. ಆದ್ದರಿಂದ ಮುಂದಿನ ಸಲ ಕೆಲಸ ಬೇಗ ಆಗುತ್ತದೆ.

ಇದರಿಂದ ನಿಮಗೆ ಎರಡು ಪರಿಣಾಮ. ಮೊದಲನೆಯದು ಸರತಿ. ಮೊದಲ ನೋಂದಣಿಗೆ ಹೊತ್ತು ಹಿಡಿಯುತ್ತದೆ. ಎರಡನೆಯದು ಎಣಿಕೆ. ಮಸುಕಾದ ಠಸ್ಸೆ, ಅಧಿಕಾರಿ ಗಮನಿಸದ ತಾರೀಖು ಇದೆಲ್ಲ ಹಳೆಯ ಕಾಲಕ್ಕಾಯಿತು. ಈಗ 91ನೇ ದಿನ ಯಂತ್ರಕ್ಕೆ ತಾನಾಗಿ ಗೊತ್ತಾಗುತ್ತದೆ. ನನ್ನ ಮಟ್ಟಿಗೆ ಇದು ಪ್ರಾಮಾಣಿಕ ಪ್ರವಾಸಿಗೆ ಒಳ್ಳೆಯದೇ. ಹೊರಹೋಗುವಾಗ ಠಸ್ಸೆ ಹಾಕಲು ಮರೆತರು ಎಂಬ ಕಾರಣಕ್ಕೆ ಮುಂದಿನ ಸಲ ಸಾಕ್ಷಿ ಹುಡುಕಿಕೊಂಡು ಕೂರುವ ಕಷ್ಟ ಇರುವುದಿಲ್ಲ.

ಇಟಿಯಾಸ್ ಅನ್ನೋದು ವೀಸಾನಾ?

ಅಲ್ಲ. ವೀಸಾ ಬೇಡದ ಸುಮಾರು 60 ದೇಶಗಳ ಪಾಸ್‌ಪೋರ್ಟಿನವರು ಹೊರಡುವ ಮೊದಲು ಆನ್‌ಲೈನ್‌ನಲ್ಲಿ ಪಡೆಯಬೇಕಾದ ಪ್ರಯಾಣದ ಅನುಮತಿ. ಯುರೋಪಿಯನ್ ಒಕ್ಕೂಟ ಇದಕ್ಕೆ ನಿಗದಿ ಮಾಡಿರುವ ಸಮಯ 2026ರ ಕೊನೆಯ ತ್ರೈಮಾಸಿಕ. ಶುಲ್ಕ 20 ಯೂರೋ. 18ಕ್ಕಿಂತ ಚಿಕ್ಕವರು, 70 ದಾಟಿದವರು ಅರ್ಜಿ ಹಾಕಬೇಕು, ಹಣ ಕಟ್ಟಬೇಕಿಲ್ಲ. ಸಿಕ್ಕ ಅನುಮತಿ ಮೂರು ವರ್ಷ ನಡೆಯುತ್ತದೆ. ಅಷ್ಟರೊಳಗೆ ಪಾಸ್‌ಪೋರ್ಟ್ ಬದಲಾದರೆ ಹೊಸದಾಗಿ ಪಡೆಯಬೇಕು. ಸೈಪ್ರಸ್ ಶೆಂಗೆನ್‌ನಲ್ಲಿ ಇಲ್ಲದಿದ್ದರೂ ಇಟಿಯಾಸ್ ಅಲ್ಲಿಗೂ ಬೇಕು.

ಒಂದು ಎಚ್ಚರಿಕೆ, ದಯವಿಟ್ಟು ಗಮನಿಸಿ. ವ್ಯವಸ್ಥೆ ಶುರುವಾಗುವ ಮೊದಲೇ ಅದರ ಹೆಸರಿನಲ್ಲಿ ಹಣ ಕೇಳುವ ತಾಣಗಳು ಹುಟ್ಟಿಕೊಂಡಿವೆ. ನೋಡಲು ಸರ್ಕಾರಿ ತಾಣದಂತೆಯೇ ಇರುತ್ತವೆ. ಅಸಲಿ ತಾಣದ ವಿಳಾಸದ ಕೊನೆಯಲ್ಲಿ "ಯುರೋಪಾ ಡಾಟ್ ಇಯು" ಎಂದಿರುತ್ತದೆ. ಹುಡುಕಾಟದಲ್ಲಿ ಮೊದಲು ಕಾಣುವ ಜಾಹೀರಾತಿನ ಮೇಲೆ ಸುಮ್ನೆ ಒತ್ತಬೇಡಿ.

ಗಡಿ ಅಧಿಕಾರಿ ಏನೇನು ಕೇಳಬಹುದು?

ಹೆಚ್ಚಿನ ಸಲ ಏನೂ ಕೇಳುವುದಿಲ್ಲ. ಕೇಳಿದಾಗ ಉತ್ತರ ಕೈಯಲ್ಲಿರಬೇಕು. ವಾಪಸ್ ಟಿಕೆಟ್ ಅಥವಾ ಮುಂದಿನ ದೇಶದ ಟಿಕೆಟ್, ಉಳಿಯುವ ಜಾಗದ ಬುಕಿಂಗ್, ಖರ್ಚಿಗೆ ಹಣ ಇದೆ ಎನ್ನಲು ಬ್ಯಾಂಕ್ ವಿವರ ಅಥವಾ ಕಾರ್ಡ್. ಇಷ್ಟು ಸಾಕು. ದಿನಕ್ಕೆ ಎಷ್ಟು ಹಣ ತೋರಿಸಬೇಕು ಅನ್ನೋದನ್ನು ಒಂದೊಂದು ದೇಶ ಒಂದೊಂದು ರೀತಿ ಗೊತ್ತುಮಾಡಿದೆ. ಸ್ನೇಹಿತರ ಮನೆಯಲ್ಲಿ ಉಳಿಯುವವರು ಅವರ ವಿಳಾಸ, ಫೋನ್ ನಂಬರ್ ಬರೆದಿಟ್ಟುಕೊಳ್ಳಿ. ಸ್ಪೇನ್‌ನಲ್ಲಿ ಆತಿಥೇಯರು ಪೊಲೀಸರಿಂದ ಪಡೆದ ಆಮಂತ್ರಣ ಪತ್ರವನ್ನೂ ಕೇಳಬಹುದು.

ವೀಸಾ ಬೇಡದವರಿಗೆ ಆರೋಗ್ಯ ವಿಮೆ ಕಡ್ಡಾಯವಲ್ಲ. ವೀಸಾ ಪಡೆಯುವವರಿಗೆ ಮಾತ್ರ ಕನಿಷ್ಠ 30,000 ಯೂರೋ ವಿಮೆ ಬೇಕೇಬೇಕು. ಕಡ್ಡಾಯವಿಲ್ಲ ಎಂದು ವಿಮೆ ಇಲ್ಲದೆ ಹೋಗಬೇಡಿ. ಚಿಕ್ಕ ದ್ವೀಪದಲ್ಲಿ ಕಾಲು ಮುರಿದುಕೊಂಡರೆ ದೊಡ್ಡ ಆಸ್ಪತ್ರೆಗೆ ಸಾಗಿಸಲು ಹೆಲಿಕಾಪ್ಟರ್ ಬೇಕಾಗಬಹುದು. ರೋಗಿಯನ್ನು ಸಾಗಿಸುವ ಖರ್ಚು ಪಾಲಿಸಿಯಲ್ಲಿ ಸೇರಿದೆಯಾ ಎಂದು ನೋಡಿಯೇ ಕೊಳ್ಳಿ.

"ಇಲ್ಲಿಂದಲೇ ಸ್ವಲ್ಪ ಕೆಲಸ ಹುಡುಕುತ್ತೇನೆ" ಎಂಬ ಮಾತು ಬೇಡ. ಆ ಯೋಚನೆಯೂ ಬೇಡ. ಪ್ರವಾಸಿಯಾಗಿ ಬಂದು ಅಲ್ಲಿ ಸಂಬಳಕ್ಕೆ ದುಡಿಯಲು ಈ ಸೌಲಭ್ಯದಲ್ಲಿ ಅವಕಾಶವಿಲ್ಲ.

ನನ್ನ ಪಾಸ್‌ಪೋರ್ಟ್ ಯಾವ ವೀಸಾಮುಕ್ತ ಪಟ್ಟಿಯಲ್ಲೂ ಇಲ್ಲ. ದಾರಿಯೇ ಇಲ್ವಾ?

ಇದೆ. ಬಹಳ ಜನಕ್ಕೆ ಇದು ಗೊತ್ತಿಲ್ಲ. ನಿಮ್ಮ ಕೈಯಲ್ಲಿ ಹಲವು ಸಲ ಪ್ರವೇಶ ಕೊಡುವ ಶೆಂಗೆನ್, ಅಮೆರಿಕ ಅಥವಾ ಬ್ರಿಟನ್ ವೀಸಾ ಇದ್ದು, ಅದು ಇನ್ನೂ ಚಾಲ್ತಿಯಲ್ಲಿದ್ದು, ಒಮ್ಮೆಯಾದರೂ ಅದನ್ನು ಬಳಸಿದ್ದರೆ ಅಲ್ಬೇನಿಯಾಗೆ ಬೇರೆ ವೀಸಾ ಬೇಡ. ಮಾಂಟೆನೆಗ್ರೊ ಕೂಡ ಇಂಥ ವೀಸಾ ಇರುವವರನ್ನು 30 ದಿನದವರೆಗೆ ಬಿಡುತ್ತದೆ. ಆ 30 ದಿನದೊಳಗೆ ವೀಸಾದ ಅವಧಿಯೇ ಮುಗಿದರೆ ಅಷ್ಟಕ್ಕೇ ಅಲ್ಲಿನ ವಾಸವೂ ಮುಗಿಯಿತು.

ಆದರೆ ಒಂದು ಸಲದ ಪ್ರವೇಶದ ಶೆಂಗೆನ್ ವೀಸಾ ಹಿಡಿದು ಗ್ರೀಸ್‌ನಿಂದ ಅಲ್ಬೇನಿಯಾಗೆ ದಾಟಿದರೆ ಗ್ರೀಸ್‌ಗೆ ವಾಪಸ್ ಬರಲಾಗುವುದಿಲ್ಲ. ಮನೆಗೆ ಹೋಗುವ ವಿಮಾನ ಅಥೆನ್ಸ್‌ನಿಂದ ಇದ್ದರೆ ಏನು ಗತಿ? ವೀಸಾದ ಮೇಲೆ ಎಷ್ಟು ಸಲದ ಪ್ರವೇಶ ಎಂದು ಬರೆದಿದೆ ನೋಡಿ. ಅದು ನೋಡಿದ ಮೇಲೆಯೇ ದಾರಿ ಗೊತ್ತುಮಾಡಿ.

ಸೈಪ್ರಸ್‌ಗೆ ಯಾಕೆ ಬೇರೆ ಉತ್ತರ?

ಸೈಪ್ರಸ್ ಯುರೋಪಿಯನ್ ಒಕ್ಕೂಟದಲ್ಲಿದೆ, ಯೂರೋ ಬಳಸುತ್ತದೆ, ಆದರೆ ಶೆಂಗೆನ್ ಭಾಗವಾಗಿಲ್ಲ. ಆದ್ದರಿಂದ ಅಲ್ಲಿ ಕಳೆದ ದಿನಗಳು ಶೆಂಗೆನ್ ಖಾತೆಗೆ ಬರುವುದಿಲ್ಲ. ಪ್ರತ್ಯೇಕ 90 ದಿನದ ಎಣಿಕೆ ನಡೆಯುತ್ತದೆ. ಅಥೆನ್ಸ್‌ನಿಂದ ಲಾರ್ನಾಕಾಗೆ ಹೋದರೆ ಪಾಸ್‌ಪೋರ್ಟ್ ತಪಾಸಣೆ ಎರಡೂ ಕಡೆ ಇರುತ್ತದೆ.

1974ರಿಂದ ದ್ವೀಪ ಇಬ್ಭಾಗವಾಗಿದೆ: ದಕ್ಷಿಣದಲ್ಲಿ ಸೈಪ್ರಸ್ ಗಣರಾಜ್ಯ, ಉತ್ತರದಲ್ಲಿ ಟರ್ಕಿ ಬೆಂಬಲದ ಆಡಳಿತ. ಉತ್ತರ ಭಾಗದ ಎರ್ಜಾನ್ ವಿಮಾನ ನಿಲ್ದಾಣದ ಮೂಲಕ ಒಳಬರುವುದನ್ನು ಸೈಪ್ರಸ್ ಗಣರಾಜ್ಯ ಅಕ್ರಮ ಪ್ರವೇಶ ಎಂದು ಪರಿಗಣಿಸುತ್ತದೆ. ಎರಡೂ ಕಡೆ ನೋಡುವ ಆಸೆ ಇದ್ದರೆ ದಕ್ಷಿಣದ ಲಾರ್ನಾಕಾ ಅಥವಾ ಪಾಫೊಸ್‌ಗೆ ಇಳಿಯಿರಿ. ನಿಕೋಸಿಯಾದ ಲೆಡ್ರಾ ಬೀದಿಯಲ್ಲಿ 2008ರಲ್ಲಿ ತೆರೆದ ದಾಟುಜಾಗ ಇದೆ. ಅಂಗಡಿಗಳ ನಡುವೆ ನಡೆದುಕೊಂಡೇ ಪಾಸ್‌ಪೋರ್ಟ್ ತೋರಿಸಿ ಆಚೆ ಹೋಗಬಹುದು. ಬಾಡಿಗೆ ಕಾರು ತೆಗೆದುಕೊಂಡು ಹೋಗುವವರು ವಿಮೆ ಆಚೆಗೂ ನಡೆಯುತ್ತಾ ಎಂದು ಮೊದಲು ಕೇಳಿ.

ಹಡಗಿನಲ್ಲಿ ದೇಶ ದಾಟುವುದು ಸುಲಭವಾ?

ಸುಲಭ, ಮತ್ತು ಈ ಪ್ರವಾಸದ ಅತ್ಯಂತ ಸೊಗಸಾದ ಭಾಗವೂ ಹೌದು. ಕೊರ್ಫುವಿನಿಂದ ಸರಾಂಡಗೆ ವೇಗದ ಫೆರಿಯಲ್ಲಿ ಅರ್ಧ ಗಂಟೆ. ಕೋಸ್ ದ್ವೀಪದಿಂದ ಟರ್ಕಿಯ ಬೋದ್ರುಮ್, ರೋಡ್ಸ್‌ನಿಂದ ಮಾರ್ಮಾರಿಸ್, ಸಮೋಸ್‌ನಿಂದ ಕುಶಾದಸಿ, ಖಿಯೋಸ್‌ನಿಂದ ಚೆಷ್ಮೆ. ಟರ್ಕಿಯ ಕಾಶ್ ಊರಿನ ದಡದಲ್ಲಿ ನಿಂತರೆ ಗ್ರೀಸ್‌ನ ಕಸ್ತೆಲೊರಿಜೊ ದ್ವೀಪ ಕಣ್ಣೆದುರೇ ಕಾಣುತ್ತದೆ. ಸ್ಪೇನ್‌ನ ತಾರಿಫಾದಿಂದ ಮೊರಾಕ್ಕೊದ ಟ್ಯಾಂಜಿಯರ್‌ಗೆ ಸುಮಾರು ಒಂದು ಗಂಟೆ. ಅಷ್ಟರಲ್ಲಿ ಖಂಡವೇ ಬದಲಾಗಿರುತ್ತದೆ.

ನೋಡಲು ಲೋಕಲ್ ದೋಣಿಯಂತಿದ್ದರೂ ಇವೆಲ್ಲ ಅಂತರರಾಷ್ಟ್ರೀಯ ಗಡಿಗಳು. ಸಣ್ಣ ಬಂದರಿನಲ್ಲಿ ಒಂದೋ ಎರಡೋ ಕೌಂಟರ್ ಇರುತ್ತವೆ. ಬೇಸಿಗೆಯಲ್ಲಿ ಸಾಲು ಬಿಸಿಲಿಗೆ ಬರುತ್ತದೆ. ಒಂದು ಗಂಟೆ ಮೊದಲೇ ಹೋಗಿ, ನೀರು ಇಟ್ಟುಕೊಳ್ಳಿ.

ಗಾಳಿಯ ಮಾತನ್ನೂ ಹೇಳಲೇಬೇಕು. ಜುಲೈ, ಆಗಸ್ಟ್ ತಿಂಗಳಲ್ಲಿ ಏಜಿಯನ್ ಸಮುದ್ರದಲ್ಲಿ ಉತ್ತರದಿಂದ ಮೆಲ್ಟೆಮಿ ಎಂಬ ಗಾಳಿ ಬೀಸುತ್ತದೆ. ಆಕಾಶ ಸ್ವಚ್ಛ, ಬಿಸಿಲು ಚೆನ್ನಾಗಿದೆ, ಆದರೂ ಹಡಗು ಹೊರಡುವುದಿಲ್ಲ. ಬಂದರು ಅಧಿಕಾರಿಗಳೇ ನಿಲ್ಲಿಸುತ್ತಾರೆ. ಹಾಗಾಗಿ ದ್ವೀಪದಿಂದ ಬಂದ ದಿನವೇ ಮನೆಗೆ ವಿಮಾನ ಇಟ್ಟುಕೊಳ್ಳಬೇಡಿ. ಕೊನೆಯ ರಾತ್ರಿ ಅಥೆನ್ಸ್‌ನಲ್ಲೇ ಇರಲಿ. ನಾನು ಯಾರಿಗೆ ಯೋಜನೆ ಮಾಡಿಕೊಟ್ಟರೂ ಈ ಒಂದು ರಾತ್ರಿಯನ್ನು ಮಾತ್ರ ಬಿಟ್ಟುಕೊಡುವುದಿಲ್ಲ.

ಕಾರಿನಲ್ಲಿ ಸುತ್ತುವುದಾದರೆ?

ನಿಮ್ಮ ಲೈಸೆನ್ಸ್ ಜೊತೆಗೆ ಅಂತರರಾಷ್ಟ್ರೀಯ ಚಾಲನಾ ಪರವಾನಗಿ ಇಟ್ಟುಕೊಳ್ಳಿ. ಮನೆಯಲ್ಲಿರುವಾಗಲೇ ಪಡೆಯಬೇಕಾದದ್ದು ಅದು. ಬಾಡಿಗೆ ಕಾರನ್ನು ಇನ್ನೊಂದು ದೇಶಕ್ಕೆ ಒಯ್ಯಲು, ಕೆಲವೊಮ್ಮೆ ಫೆರಿಗೆ ಹತ್ತಿಸಲೂ ಕಂಪನಿಯ ಲಿಖಿತ ಒಪ್ಪಿಗೆ ಬೇಕು. ಇಟಲಿಯ ಹಳೆಯ ಊರುಗಳ ನಡುಭಾಗದಲ್ಲಿ ಜೆಡ್‌ಟಿಎಲ್ ಎಂಬ ಫಲಕ ಕಂಡರೆ ಒಳಗೆ ನುಗ್ಗಬೇಡಿ. ಅನುಮತಿ ಇಲ್ಲದ ಗಾಡಿಯನ್ನು ಕ್ಯಾಮೆರಾ ಹಿಡಿಯುತ್ತದೆ, ದಂಡದ ಚೀಟಿ ತಿಂಗಳುಗಳ ನಂತರ ಮನೆಗೆ ಬರುತ್ತದೆ. ಮಾಲ್ಟಾ ಮತ್ತು ಸೈಪ್ರಸ್‌ನಲ್ಲಿ ಗಾಡಿ ಎಡಗಡೆ ಓಡುತ್ತದೆ, ಉಳಿದ ಕಡೆ ಬಲಗಡೆ.

ಸ್ಪ್ಲಿಟ್‌ನಿಂದ ಡುಬ್ರೊವ್ನಿಕ್‌ಗೆ ಹೋಗುವವರಿಗೆ ಒಂದು ಸಿಹಿ ಸುದ್ದಿ. ಮೊದಲು ಆ ದಾರಿಯಲ್ಲಿ ಬೋಸ್ನಿಯಾದ ನೆಯುಮ್ ಬಳಿ ಒಳಗೆ ಹೋಗಿ ಮತ್ತೆ ಹೊರಗೆ ಬರಬೇಕಿತ್ತು. ಬೋಸ್ನಿಯಾಗೆ ಇರುವುದೇ ಸುಮಾರು 20 ಕಿಲೋಮೀಟರ್ ಕರಾವಳಿ, ಅದು ಕ್ರೊಯೇಷಿಯಾದ ನಡುವೆ ಸಿಕ್ಕಿಕೊಂಡಿದೆ. 2022ರ ಜುಲೈನಲ್ಲಿ ಪೆಲ್ಯೇಶಾಟ್ಸ್ ಸೇತುವೆ ತೆರೆಯಿತು. 2.4 ಕಿಲೋಮೀಟರ್ ಉದ್ದ. ಈಗ ಕ್ರೊಯೇಷಿಯಾ ಬಿಡದೆಯೇ ಹೋಗಬಹುದು.

ನಡುವೆ ವಿಮಾನ ಬದಲಿಸಬೇಕು. ಪಾಸ್‌ಪೋರ್ಟ್ ತಪಾಸಣೆ ಎಲ್ಲಿ?

ಶೆಂಗೆನ್‌ನಲ್ಲಿ ಮೊದಲು ಕಾಲಿಡುವ ನಿಲ್ದಾಣದಲ್ಲಿ. ಫ್ರಾಂಕ್‌ಫರ್ಟ್ ಮೂಲಕ ಅಥೆನ್ಸ್‌ಗೆ ಹೋದರೆ ತಪಾಸಣೆ ಫ್ರಾಂಕ್‌ಫರ್ಟ್‌ನಲ್ಲೇ ಮುಗಿಯುತ್ತದೆ. ಇಇಎಸ್ ನೋಂದಣಿಯೂ ಅಲ್ಲೇ. ಮೊದಲ ಸಲ ಹೋಗುವವರು ಒಂದು ಗಂಟೆಯ ಅಂತರದ ಟಿಕೆಟ್ ಬಿಟ್ಟು ಎರಡೂವರೆ, ಮೂರು ಗಂಟೆ ಇರುವುದನ್ನು ಆರಿಸಿ. ಎರಡು ಬೇರೆ ಬೇರೆ ಟಿಕೆಟ್ ಕೊಂಡಿದ್ದರೆ ಮೊದಲ ವಿಮಾನ ತಡವಾದಾಗ ಎರಡನೆಯ ಕಂಪನಿಗೆ ಯಾವ ಹೊಣೆಯೂ ಇಲ್ಲ.

ಯಾವ ತಿಂಗಳು ಒಳ್ಳೆಯದು?

ಸೆಪ್ಟೆಂಬರ್. ಎರಡು ಮಾತಿಲ್ಲ. ಬೇಸಿಗೆಯೆಲ್ಲ ಕಾದ ನೀರು ಇನ್ನೂ ಬೆಚ್ಚಗಿರುತ್ತದೆ, ಜನ ಕಡಿಮೆಯಾಗಿರುತ್ತಾರೆ, ಫೆರಿಗಳು ಇನ್ನೂ ಓಡುತ್ತಿರುತ್ತವೆ. ಮೇ ತಿಂಗಳಲ್ಲಿ ಹೂವು, ಹಸಿರು, ನಡೆದಾಡಲು ಹಿತ. ಆದರೆ ನೀರು ತಣ್ಣಗೆ, ಚಳಿಗಾಲದ ತಂಪು ಇನ್ನೂ ಬಿಟ್ಟಿರುವುದಿಲ್ಲ.

ಜುಲೈ, ಆಗಸ್ಟ್‌ನಲ್ಲಿ ಬಿಸಿಲು ಈಗ ತಮಾಷೆಯ ಮಾತಲ್ಲ. ಇತ್ತೀಚಿನ ಬೇಸಿಗೆಗಳಲ್ಲಿ ಬಿಸಿಗಾಳಿ ಬಂದಾಗ ಅಥೆನ್ಸ್‌ನ ಅಕ್ರೊಪೊಲಿಸ್ ಅನ್ನು ನಡುಮಧ್ಯಾಹ್ನ ಮುಚ್ಚಿದ್ದಾರೆ. 2023ರ ಜುಲೈನಲ್ಲಿ ರೋಡ್ಸ್ ದ್ವೀಪದ ಕಾಡ್ಗಿಚ್ಚಿನಿಂದ ಸುಮಾರು 19,000 ಜನರನ್ನು ಬೇರೆಡೆಗೆ ಸಾಗಿಸಬೇಕಾಯಿತು. ಶಾಲೆಯ ರಜೆ ಇರುವುದೇ ಆಗ, ಬೇರೆ ದಾರಿ ಇಲ್ಲ ಎನ್ನುವವರು ನೋಡುವ ಕೆಲಸವನ್ನು ಬೆಳಿಗ್ಗೆ ಹತ್ತರೊಳಗೆ ಮುಗಿಸಿ. ಆಗಸ್ಟ್ 15 ಇಟಲಿ, ಗ್ರೀಸ್ ಎರಡರಲ್ಲೂ ದೊಡ್ಡ ಹಬ್ಬದ ರಜೆ. ಅದರ ಆಸುಪಾಸು ಫೆರಿ, ರೈಲು, ಕೋಣೆ ಎಲ್ಲ ತುಂಬಿರುತ್ತವೆ. ಮೊರಾಕ್ಕೊ, ಟ್ಯುನೀಷಿಯಾಗೆ ರಂಜಾನ್ ತಿಂಗಳಲ್ಲಿ ಹೋಗುವವರು ಹಗಲು ಹಲವು ಹೋಟೆಲುಗಳು ಮುಚ್ಚಿರುತ್ತವೆ ಎಂದು ತಿಳಿದುಕೊಂಡೇ ಹೋಗಿ. ರಾತ್ರಿಯ ಬೀದಿಗಳಂತೂ ಆ ತಿಂಗಳಲ್ಲೇ ಚೆಂದ.

ಮೊದಲೇ ಕಾಯ್ದಿರಿಸಬೇಕಾದದ್ದು ಏನು? ಬೇರೆ ಶುಲ್ಕ ಏನಾದರೂ ಇದೆಯಾ?

ಗ್ರಾನಡಾದ ಅಲ್ಹಂಬ್ರಾ ಟಿಕೆಟ್ ಮೊದಲು. ಅದು ಹೆಸರಿಗೆ ಕೊಡುವ ಟಿಕೆಟ್, ಪಾಸ್‌ಪೋರ್ಟ್ ತೋರಿಸಬೇಕು. ಒಳಗಿನ ನಾಸ್ರಿದ್ ಅರಮನೆಗಳಿಗೆ ನಿಗದಿತ ಸಮಯ ಇರುತ್ತದೆ, ತಪ್ಪಿದರೆ ತಪ್ಪಿತು. ಅಕ್ರೊಪೊಲಿಸ್‌ಗೂ 2023ರಿಂದ ದಿನಕ್ಕೆ 20,000 ಜನರ ಮಿತಿ ಮತ್ತು ಗಂಟೆಯ ಸ್ಲಾಟ್ ಇದೆ. ವೆನಿಸ್ 2024ರಿಂದ ಕೆಲವು ನಿಗದಿತ ದಿನಗಳಲ್ಲಿ ಹಗಲು ಬಂದು ಹೋಗುವವರಿಂದ ಶುಲ್ಕ ತೆಗೆದುಕೊಳ್ಳುತ್ತಿದೆ. 2025ರಲ್ಲಿ ಮೊದಲೇ ಕಟ್ಟಿದವರಿಗೆ 5 ಯೂರೋ, ಕೊನೆ ಗಳಿಗೆಯಲ್ಲಿ ಕಟ್ಟಿದವರಿಗೆ 10. ಊರಲ್ಲೇ ರಾತ್ರಿ ಉಳಿಯುವವರಿಗೆ ವಿನಾಯಿತಿ. ಕ್ರೂಸ್ ಹಡಗಿನಲ್ಲಿ ಸಾಂಟೊರಿನಿ ಅಥವಾ ಮಿಕೊನೊಸ್‌ಗೆ ಇಳಿಯುವವರಿಂದ 2025ರ ಜುಲೈನಿಂದ ಸೀಸನ್‌ನಲ್ಲಿ ತಲೆಗೆ 20 ಯೂರೋ.

ಇದಲ್ಲದೆ ಹಲವೆಡೆ ರಾತ್ರಿಗೆ ಇಷ್ಟು ಎಂದು ಪ್ರವಾಸಿ ತೆರಿಗೆ ಇದೆ. ಬುಕಿಂಗ್ ಮಾಡುವಾಗ ಕಾಣದೆ ಕೋಣೆ ಬಿಡುವಾಗ ಕೇಳುವುದೇ ಜಾಸ್ತಿ. ಅದು ಮೋಸವಲ್ಲ. ರಸೀದಿ ಕೇಳಿ ಪಡೆಯಿರಿ.

ಹೋಟೆಲಿನವರು ಪಾಸ್‌ಪೋರ್ಟ್ ಕೇಳುವುದೂ ಕಾನೂನಿನ ಪ್ರಕಾರವೇ. ಇಟಲಿ, ಕ್ರೊಯೇಷಿಯಾ ಮುಂತಾದ ಕಡೆ ಅತಿಥಿಗಳ ವಿವರವನ್ನು ಅವರು ಸರ್ಕಾರಕ್ಕೆ ಕೊಡಬೇಕು. ಮಾಂಟೆನೆಗ್ರೊದಲ್ಲಿ ಬಂದ 24 ಗಂಟೆಯೊಳಗೆ ನೋಂದಣಿ ಆಗಬೇಕು. ಹೋಟೆಲ್ ಆದರೆ ಅವರೇ ಮಾಡುತ್ತಾರೆ. ಖಾಸಗಿ ಮನೆಯಲ್ಲಿ ಉಳಿದರೆ ಮಾಲೀಕರನ್ನು ನೀವೇ ಕೇಳಿ ಖಚಿತ ಮಾಡಿಕೊಳ್ಳಿ.

ಮಕ್ಕಳ ಜೊತೆ ಒಬ್ಬರೇ ಹೋಗುತ್ತಿದ್ದೇನೆ. ಏನಾದರೂ ಬೇಕಾ?

ಬೇಕು ಅಂತಲೇ ಸಿದ್ಧವಾಗಿ. ಜೊತೆಗೆ ಬಾರದ ತಂದೆ ಅಥವಾ ತಾಯಿಯ ಒಪ್ಪಿಗೆ ಪತ್ರ, ನೋಟರಿ ಸಹಿ ಇರುವಂಥದ್ದು, ಮಗುವಿನ ಜನನ ಪ್ರಮಾಣಪತ್ರದ ಪ್ರತಿ. ತಾಯಿ ಮಗುವಿನ ಕೊನೆಯ ಹೆಸರು ಬೇರೆ ಇದ್ದರಂತೂ ಮರೆಯಲೇಬೇಡಿ. ಅಜ್ಜ ಅಜ್ಜಿ ಕರೆದುಕೊಂಡು ಹೋಗುವುದಾದರೆ ತಂದೆ ತಾಯಿ ಇಬ್ಬರ ಒಪ್ಪಿಗೆಯೂ ಬೇಕು. ಕೇಳುವುದು ಮಗುವಿನ ಸುರಕ್ಷತೆಗಾಗಿ, ಬೇಸರ ಮಾಡಿಕೊಳ್ಳಬೇಡಿ.

ಚೀಲದಲ್ಲಿ ಏನು ಒಯ್ಯಬಾರದು, ಏನು ತರಬಾರದು?

ಯುರೋಪಿಯನ್ ಒಕ್ಕೂಟದ ದೇಶಗಳಿಗೆ ಹೊರಗಿನಿಂದ ಮಾಂಸ, ಹಾಲಿನ ಪದಾರ್ಥ ಒಯ್ಯುವಂತಿಲ್ಲ. ಮನೆಯ ತುಪ್ಪ, ಹಾಲಿನ ಸಿಹಿತಿಂಡಿ ಕೂಡ ಇದರಲ್ಲೇ ಬರುತ್ತವೆ. ಶಿಶುಗಳ ಹಾಲಿನ ಪುಡಿಗೆ 2 ಕೆಜಿವರೆಗೆ ವಿನಾಯಿತಿ ಇದೆ, ಪೊಟ್ಟಣ ಒಡೆದಿರಬಾರದು. ಹಣ್ಣುಗಳಲ್ಲಿ ಬಾಳೆ, ತೆಂಗಿನಕಾಯಿ, ಅನಾನಸ್, ಖರ್ಜೂರ, ಡುರಿಯನ್ ಬಿಟ್ಟು ಉಳಿದವಕ್ಕೆ ಸಸ್ಯ ಆರೋಗ್ಯದ ಪ್ರಮಾಣಪತ್ರ ಬೇಕು. ಔಷಧಿಗಳು ಮೂಲ ಪೊಟ್ಟಣದಲ್ಲೇ ಇರಲಿ, ವೈದ್ಯರ ಚೀಟಿ ಜೊತೆಗಿರಲಿ. 10,000 ಯೂರೋ ಅಥವಾ ಅದಕ್ಕಿಂತ ಜಾಸ್ತಿ ನಗದು ಇದ್ದರೆ ಘೋಷಿಸಬೇಕು.

ಟ್ಯುನೀಷಿಯಾದ ದಿನಾರ್ ಅನ್ನು ದೇಶದೊಳಗೆ ತರುವಂತಿಲ್ಲ, ಹೊರಗೆ ಒಯ್ಯುವಂತಿಲ್ಲ. ಮೊರಾಕ್ಕೊದ ದಿರ್ಹಮ್‌ಗೆ 2,000ದ ಮಿತಿ. ಹಣ ಬದಲಿಸಿದ ರಸೀದಿ ಎಸೆಯಬೇಡಿ, ಉಳಿದದ್ದನ್ನು ವಾಪಸ್ ಬದಲಿಸಲು ಅದು ಬೇಕು. ಮೊರಾಕ್ಕೊಗೆ ಡ್ರೋನ್ ಒಯ್ಯಲು ಹೋಗಬೇಡಿ, ವಿಮಾನ ನಿಲ್ದಾಣದಲ್ಲೇ ಇಟ್ಟುಕೊಳ್ಳುತ್ತಾರೆ.

ಇನ್ನು ತರುವ ವಿಷಯ. ಸಾರ್ಡಿನಿಯಾದ ಬೀಚಿನ ಮರಳು, ಚಿಪ್ಪು, ಕಲ್ಲು ತೆಗೆದುಕೊಂಡು ಹೋದರೆ 500ರಿಂದ 3,000 ಯೂರೋವರೆಗೆ ದಂಡ. ಒಬ್ಬರು ಒಂದು ಬಾಟಲಿ ಒಯ್ದರೆ ಏನಾಯಿತು ಎನಿಸಬಹುದು. ಲಕ್ಷಾಂತರ ಜನ ಒಂದೊಂದು ಬಾಟಲಿ ಒಯ್ದರೆ ಆ ತೀರವೇ ಉಳಿಯುವುದಿಲ್ಲ. ಟರ್ಕಿಯಲ್ಲಿ ಹಳೆಯ ನಾಣ್ಯ, ಕೆತ್ತನೆಯ ಕಲ್ಲಿನ ಚೂರು ಯಾರೇ ಮಾರಲು ಬಂದರೂ ಕೊಳ್ಳಬೇಡಿ. ಪ್ರಾಚೀನ ವಸ್ತು ದೇಶದಿಂದ ಹೊರಗೆ ಒಯ್ಯುವುದು ಗಂಭೀರ ಅಪರಾಧ, ಜೈಲಾಗಬಹುದು.

ಕಾಯಿಲೆ ಬಿದ್ದು ಅಥವಾ ವಿಮಾನ ರದ್ದಾಗಿ 90 ದಿನ ದಾಟುವಂತಾದರೆ?

ಗಡುವು ಮುಗಿಯುವ ಮೊದಲೇ ನೀವಿರುವ ದೇಶದ ಇಮಿಗ್ರೇಷನ್ ಕಚೇರಿಗೆ ಅಥವಾ ಪೊಲೀಸರ ಬಳಿಗೆ ಹೋಗಿ. ಆಸ್ಪತ್ರೆಯ ಕಾಗದ, ವಿಮಾನ ಕಂಪನಿಯ ಸಂದೇಶ ಎಲ್ಲ ಒಯ್ಯಿರಿ. ನಿಜವಾದ ಕಾರಣಕ್ಕೆ ಅವಧಿ ವಿಸ್ತರಿಸಲು ದಾರಿ ಇದೆ. ಸುಮ್ಮನಿದ್ದು ದಾಟಿದರೆ ದಂಡ ಬೀಳಬಹುದು, ಮುಂದೆ ಕೆಲವು ವರ್ಷ ಪ್ರವೇಶ ನಿಷೇಧವೂ ಆಗಬಹುದು.

ಯುರೋಪಿಯನ್ ಒಕ್ಕೂಟದಿಂದ ಹೊರಡುವ ಯಾವುದೇ ವಿಮಾನ ರದ್ದಾದರೆ ಹಣ ವಾಪಸ್ ಅಥವಾ ಬೇರೆ ವಿಮಾನ, ಎರಡರಲ್ಲಿ ಒಂದನ್ನು ಕೇಳುವುದು ನಿಮ್ಮ ಹಕ್ಕು. ಬೇರೆ ವಿಮಾನಕ್ಕೆ ಕಾಯುವಾಗ ಊಟ, ಬೇಕಾದರೆ ಹೋಟೆಲ್ ಕೂಡ ಕಂಪನಿಯೇ ಕೊಡಬೇಕು. ಹವಾಮಾನದಂಥ ಕೈಮೀರಿದ ಕಾರಣ ಇಲ್ಲದಿದ್ದರೆ ದೂರಕ್ಕೆ ತಕ್ಕಂತೆ 250ರಿಂದ 600 ಯೂರೋವರೆಗೆ ಪರಿಹಾರವೂ ಉಂಟು. ಕೌಂಟರಿನಲ್ಲಿ ಇದನ್ನು ತಾವಾಗಿ ಹೇಳುವವರು ಕಡಿಮೆ, ನೀವೇ ಕೇಳಿ.

ಪಾಸ್‌ಪೋರ್ಟ್ ಕಳೆದುಹೋದರೆ?

ಮೊದಲು ಪೊಲೀಸ್ ದೂರು, ಆಮೇಲೆ ನಿಮ್ಮ ದೇಶದ ರಾಯಭಾರ ಕಚೇರಿ. ಪಾಸ್‌ಪೋರ್ಟಿನ ಪ್ರತಿ, ಎರಡು ಫೋಟೊ ಬೇರೆ ಚೀಲದಲ್ಲಿದ್ದರೆ ಕೆಲಸ ಬೇಗ ಆಗುತ್ತದೆ. ಎಮರ್ಜೆನ್ಸಿ ಪ್ರಯಾಣ ಪತ್ರ ಸಾಮಾನ್ಯವಾಗಿ ಮನೆಗೆ ಹೋಗಲು ಮಾತ್ರ. ಅದನ್ನು ಹಿಡಿದು ಮುಂದಿನ ದೇಶ ನೋಡುವ ಯೋಚನೆ ಬಿಡಿ. ಯುರೋಪಿಯನ್ ಒಕ್ಕೂಟದಲ್ಲೂ ಟರ್ಕಿಯಲ್ಲೂ ತುರ್ತು ನಂಬರ್ 112.

ಫೋನ್, ಪ್ಲಗ್, ಗಡಿಯಾರ?

ಯುರೋಪಿಯನ್ ಒಕ್ಕೂಟದ ಸಿಮ್ ಗ್ರೀಸ್‌ನಲ್ಲೂ ಸ್ಪೇನ್‌ನಲ್ಲೂ ಒಂದೇ ದರಕ್ಕೆ ನಡೆಯುತ್ತದೆ. ಅಲ್ಬೇನಿಯಾ, ಟರ್ಕಿ, ಮೊರಾಕ್ಕೊದಲ್ಲಿ ಹಾಗಲ್ಲ. ಕೊರ್ಫುವಿನ ಈಶಾನ್ಯ ತೀರದಲ್ಲಿ ಕುಳಿತಾಗ ಫೋನ್ ತಾನಾಗಿ ಅಲ್ಬೇನಿಯಾದ ನೆಟ್‌ವರ್ಕ್ ಹಿಡಿದು ಬಿಲ್ ಏರಿಸಬಹುದು. ಅಲ್ಲಿ ನೆಟ್‌ವರ್ಕನ್ನು ಕೈಯಿಂದಲೇ ಆರಿಸಿಡಿ.

ಮಾಲ್ಟಾ, ಸೈಪ್ರಸ್‌ನಲ್ಲಿ ಬ್ರಿಟನ್ ಮಾದರಿಯ ಮೂರು ಚಪ್ಪಟೆ ಪಿನ್ನಿನ ಪ್ಲಗ್. ಉಳಿದ ಕಡೆ ಎರಡು ದುಂಡು ಪಿನ್ನು.

ಟರ್ಕಿ 2016ರಿಂದ ವರ್ಷಪೂರ್ತಿ ಒಂದೇ ಗಡಿಯಾರ ಇಟ್ಟುಕೊಂಡಿದೆ. ಗ್ರೀಸ್ ಚಳಿಗಾಲದಲ್ಲಿ ಒಂದು ಗಂಟೆ ಹಿಂದೆ ಸರಿಯುತ್ತದೆ. ಬೇಸಿಗೆಯಲ್ಲಿ ಕೋಸ್ ಮತ್ತು ಬೋದ್ರುಮ್‌ನಲ್ಲಿ ಒಂದೇ ಹೊತ್ತು. ಅಕ್ಟೋಬರ್ ಕೊನೆಯ ಭಾನುವಾರದ ನಂತರ ಬೋದ್ರುಮ್ ಒಂದು ಗಂಟೆ ಮುಂದೆ. ಫೆರಿ ಟಿಕೆಟ್‌ನಲ್ಲಿ ಬರೆದಿರುವುದು ಹೊರಡುವ ಬಂದರಿನ ಸಮಯ.